ನಿನ್ನೆ, ಮೊನ್ನೆ, ಹೋದ ವರ್ಷ: ಇಂಗ್ಲಿಷಿನಲ್ಲಿ ತಾರೀಖು ಮತ್ತು ನಡೆದ ಸಂಗತಿ ಹೇಳುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಇಂಟರ್‌ವ್ಯೂಗೆ ತಯಾರಾಗುವ ಹುಡುಗರು ಬರುತ್ತಾರೆ. ಮಗುವಿನ ಶಾಲೆಗೆ ಲೀವ್ ಲೆಟರ್ ಬರೆಯೋಕೆ ಒದ್ದಾಡುವ ಅಮ್ಮಂದಿರು ಬರುತ್ತಾರೆ. ಆಫೀಸಿನಲ್ಲಿ ದಿನಕ್ಕೆ ಇಪ್ಪತ್ತು ಮೇಲ್ ಕಳಿಸುವವರೂ ಇದ್ದಾರೆ. ವ್ಯಾಕರಣ ಗೊತ್ತಿಲ್ಲದವರು ಕಡಿಮೆ. ಆದರೂ ತಾರೀಖು ಹೇಳುವಾಗ, ಹಿಂದೆ ನಡೆದದ್ದನ್ನು ಹೇಳುವಾಗ ಎಲ್ಲರೂ ಹೆಚ್ಚುಕಡಿಮೆ ಅದೇ ಕಲ್ಲಿಗೆ ಎಡವುತ್ತಾರೆ. ಬಾಯಲ್ಲಿ ಬರುವುದು ಇಂಗ್ಲಿಷ್ ಪದ, ಅದರ ಕೆಳಗೆ ಓಡುತ್ತಿರುವುದು ಕನ್ನಡದ ವಾಕ್ಯ. ಆ ಕನ್ನಡ ವಾಕ್ಯ ಸರಿಯಾಗಿಯೇ ಇರುತ್ತದೆ, ಅದೇ ತಮಾಷೆ. ಹಾಗಾಗಿ ಇಲ್ಲಿ ಹೆಚ್ಚಿನ ಉತ್ತರಗಳನ್ನು ಕನ್ನಡದ ವಾಕ್ಯದಿಂದಲೇ ಶುರು ಮಾಡಿದ್ದೇನೆ.

"ನಿನ್ನೆ ಮೈಸೂರಿಗೆ ಹೋಗಿದ್ದೆ" ಅನ್ನೋದಕ್ಕೆ "ಐ ಹ್ಯಾಡ್ ಗಾನ್ ಟು ಮೈಸೂರು ಎಸ್ಟರ್‌ಡೇ" ಅನ್ನಬಹುದಾ?

ಬೇಡ. "ಐ ವೆಂಟ್ ಟು ಮೈಸೂರು ಎಸ್ಟರ್‌ಡೇ" ಸಾಕು.

ನಾನು ಅತಿ ಹೆಚ್ಚು ಸಲ ತಿದ್ದುವ ವಾಕ್ಯ ಇದೇ, ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ. ಕನ್ನಡದಲ್ಲಿ "ಹೋದೆ" ಬೇರೆ, "ಹೋಗಿದ್ದೆ" ಬೇರೆ. "ನಿನ್ನೆ ಮೈಸೂರಿಗೆ ಹೋದೆ" ಅಂದರೆ ಎದುರಿಗಿರುವವರು "ಹೂಂ, ಆಮೇಲೆ?" ಅಂತ ಕಾಯುತ್ತಾರೆ. ಕಥೆ ಇನ್ನೂ ಇದೆ ಅನ್ನಿಸುತ್ತದೆ. "ಹೋಗಿದ್ದೆ" ಅಂದರೆ ಹೋಗಿಯೂ ಆಯಿತು, ಬಂದೂ ಆಯಿತು, ಈಗ ಇಲ್ಲೇ ಇದ್ದೇನೆ ಅಂತ ಅರ್ಥ. ಈ ಚಂದದ ವ್ಯತ್ಯಾಸ ಇಂಗ್ಲಿಷಿನ ಕ್ರಿಯಾಪದದಲ್ಲಿ ಇಲ್ಲ. ಎರಡಕ್ಕೂ "ವೆಂಟ್" ಒಂದೇ.

ಹಾಗಾದರೆ "ಹ್ಯಾಡ್" ಯಾವಾಗ? ಹಿಂದೆ ನಡೆದ ಎರಡು ಸಂಗತಿಗಳಿದ್ದು, ಅದರಲ್ಲಿ ಯಾವುದು ಮೊದಲು ಅಂತ ತೋರಿಸಬೇಕಾದಾಗ. ಬಸ್ ಸ್ಟ್ಯಾಂಡನ್ನೇ ತೆಗೆದುಕೊಳ್ಳಿ. "ನಾನು ಸ್ಟ್ಯಾಂಡಿಗೆ ಹೋಗೋ ಹೊತ್ತಿಗೆ ಬಸ್ಸು ಹೊರಟು ಹೋಗಿತ್ತು." ಇದಕ್ಕೆ "ವೆನ್ ಐ ರೀಚ್ಡ್ ದ ಸ್ಟ್ಯಾಂಡ್, ದ ಬಸ್ ಹ್ಯಾಡ್ ಲೆಫ್ಟ್." ಪ್ಲಾಟ್‌ಫಾರ್ಮ್ ಖಾಲಿ, ಡೀಸೆಲ್ ವಾಸನೆ ಮಾತ್ರ ಉಳಿದಿದೆ. ಅದೇ "ದ ಬಸ್ ಲೆಫ್ಟ್" ಅಂದರೆ ನೀವು ಬಂದಿರಿ, ನಿಮ್ಮ ಕಣ್ಣೆದುರೇ ಹೊರಟಿತು. "ದ ಬಸ್ ವಾಸ್ ಲೀವಿಂಗ್" ಅಂದರೆ ಗಾಲಿ ತಿರುಗೋಕೆ ಶುರುವಾಗಿದೆ, ಓಡಿ ಬಾಗಿಲಿನ ಕಂಬಿ ಹಿಡಿದರೆ ಇನ್ನೂ ಸಿಗುತ್ತದೆ, ಕಂಡಕ್ಟರ್ "ಹತ್ತಿ ಹತ್ತಿ" ಅಂತಿದ್ದಾನೆ.

ಅನುಮಾನ ಬಂದರೆ ನಿಮ್ಮ ಕನ್ನಡ ವಾಕ್ಯದಲ್ಲಿ "ಅಷ್ಟೊತ್ತಿಗಾಗಲೇ" ಅನ್ನುವ ಪದ ಸೇರಿಸಿ ನೋಡಿ. ಅಷ್ಟೊತ್ತಿಗಾಗಲೇ ಬಸ್ಸು ಹೊರಟು ಹೋಗಿತ್ತು: ಸರಿಯಾಗಿ ಕೂತಿತು, "ಹ್ಯಾಡ್" ಹಾಕಿ. ನಿನ್ನೆ ಅಷ್ಟೊತ್ತಿಗಾಗಲೇ ಮೈಸೂರಿಗೆ ಹೋಗಿದ್ದೆ: ಎಷ್ಟೊತ್ತಿಗೆ? ಅರ್ಥವೇ ಆಗಲಿಲ್ಲ ಅಲ್ವಾ? ಹಾಗಾದರೆ "ವೆಂಟ್".

ಇಂಟರ್‌ವ್ಯೂನಲ್ಲಿ "ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2018" ಅಂದೆ. ತಪ್ಪು ಅಂದರು. ಏನು ತಪ್ಪು?

"ಹ್ಯಾವ್" ಮತ್ತು "2018" ಒಟ್ಟಿಗೆ ಬಂದದ್ದು. "ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ" ಅಂತ ನಿಲ್ಲಿಸಿದ್ದರೆ ಸರಿ. "ಐ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2018" ಅಂದಿದ್ದರೂ ಸರಿ. ಮುಗಿದು ಹೋದ ಸಮಯದ ಗುರುತು ಬಂದ ಕೂಡಲೇ "ಹ್ಯಾವ್" ಎದ್ದು ಹೋಗಬೇಕು. ಇಸವಿ ಮಾತ್ರ ಅಲ್ಲ, "ಎಸ್ಟರ್‌ಡೇ", "ಲಾಸ್ಟ್ ವೀಕ್", "ಟೂ ಡೇಸ್ ಅಗೋ" ಎಲ್ಲದಕ್ಕೂ ಇದೇ ಕಥೆ.

ಕನ್ನಡದಲ್ಲಿ ಈ ತಕರಾರಿಲ್ಲ. "2018ರಲ್ಲಿ ಡಿಗ್ರಿ ಮುಗಿಸಿದ್ದೇನೆ" ಅಂತ ನಾವು ಆರಾಮಾಗಿ ಹೇಳುತ್ತೇವೆ. ಇಂಗ್ಲಿಷಿನ "ಹ್ಯಾವ್"ಗೆ ಈಗಿನ ಜೊತೆ ನಂಟು ಬೇಕು. ಯಾವಾಗ ಆಯಿತು ಅನ್ನುವುದು ಅದಕ್ಕೆ ಬೇಕಿಲ್ಲ, ಆಗಿದೆ ಅನ್ನುವುದಷ್ಟೇ ಬೇಕು.

ಇದೇ ಕಾರಣಕ್ಕೆ ತೀರಿಹೋದವರ ಬಗ್ಗೆ ಹೇಳುವಾಗಲೂ ಎಚ್ಚರ ಬೇಕು. ಕುವೆಂಪು 1994ರಲ್ಲಿ ತೀರಿಕೊಂಡರು. ಅವರು ನಾಟಕಗಳನ್ನು ಬರೆದಿದ್ದಾರೆ ಅನ್ನೋದಕ್ಕೆ "ಕುವೆಂಪು ಹ್ಯಾಸ್ ರಿಟನ್ ಪ್ಲೇಸ್" ಅಂತ ಶಾಲೆಯ ಪ್ರಬಂಧಗಳಲ್ಲಿ ಬರೆಯುತ್ತಾರೆ. "ಕುವೆಂಪು ರೋಟ್ ಪ್ಲೇಸ್" ಅನ್ನಿ. ಇನ್ನೂ ಬರೆಯುತ್ತಿರುವ ಲೇಖಕರಾದರೆ "ಹ್ಯಾಸ್ ರಿಟನ್" ಸರಿ.

ಇನ್ನೊಂದು ಮಾತು. "ಐ ಪಾಸ್ಡ್ ಔಟ್ ಇನ್ 2018" ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಅಮೆರಿಕದವರ ಎದುರು ಹೇಳಿದರೆ 2018ರಲ್ಲಿ ಮೂರ್ಛೆ ಹೋಗಿದ್ದಿರಿ ಅಂದುಕೊಳ್ಳುತ್ತಾರೆ. "ಐ ಗ್ರಾಜುಯೇಟೆಡ್ ಇನ್ 2018" ಎಲ್ಲ ಕಡೆ ನಡೆಯುತ್ತದೆ.

"ಊಟ ಆಯ್ತಾ?" ಅನ್ನೋದಕ್ಕೆ "ಹ್ಯಾವ್ ಯು ಹ್ಯಾಡ್ ಲಂಚ್?" ಸರಿಯಾ, "ಡಿಡ್ ಯು ಹ್ಯಾವ್ ಲಂಚ್?" ಸರಿಯಾ?

ಎರಡೂ ಸರಿ. ಮೊದಲನೆಯದು ಬ್ರಿಟನ್ನಿನವರ ಬಾಯಲ್ಲಿ ಜಾಸ್ತಿ, ಎರಡನೆಯದು ಅಮೆರಿಕದವರ ಬಾಯಲ್ಲಿ. ತಪ್ಪಾಗುವುದು "ಡಿಡ್ ಯು ಹ್ಯಾಡ್ ಲಂಚ್" ಅಂದಾಗ. "ಡಿಡ್" ಬಂದ ಮೇಲೆ ಹಿಂದಿನ ಕಾಲವನ್ನು ಅದೇ ಹೊತ್ತುಕೊಂಡಿದೆ, ಪಕ್ಕದ ಪದ ಮತ್ತೆ ಹೊರಬೇಕಿಲ್ಲ. "ಡಿಡ್ ಯು ವೆಂಟ್", "ಐ ಡಿಡ್ ನಾಟ್ ಸಾ" ಇವೂ ಅದೇ ಜಾತಿ. "ಡಿಡ್ ಯು ಗೋ", "ಐ ಡಿಡ್ ನಾಟ್ ಸೀ" ಅನ್ನಬೇಕು.

"ಎರಡು ದಿನದಿಂದ ಜ್ವರ" ಅಂತ ಲೀವ್ ಲೆಟರ್‌ನಲ್ಲಿ ಹೇಗೆ ಬರೆಯೋದು?

ಬಹಳ ಜನ ಬರೆಯುವುದು ಹೀಗೆ: "ಮೈ ಸನ್ ಈಸ್ ಸಫರಿಂಗ್ ಫ್ರಂ ಫೀವರ್ ಸಿನ್ಸ್ ಟೂ ಡೇಸ್." ಶಾಲೆಯವರಿಗೆ ಅರ್ಥವಾಗುತ್ತದೆ, ರಜೆಯೂ ಸಿಗುತ್ತದೆ. ಸರಿಯಾದ ರೂಪ ಬೇಕಿದ್ದರೆ: "ಮೈ ಸನ್ ಹ್ಯಾಸ್ ಹ್ಯಾಡ್ ಅ ಫೀವರ್ ಫಾರ್ ಟೂ ಡೇಸ್." ಇಲ್ಲವೇ "ಸಿನ್ಸ್ ಮಂಡೇ".

ನಮ್ಮ "ಇಂದ" ಎರಡು ಕೆಲಸ ಮಾಡುತ್ತದೆ. "ಎರಡು ದಿನದಿಂದ" ಅನ್ನುತ್ತೇವೆ, "ಸೋಮವಾರದಿಂದ" ಅಂತಲೂ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಇಬ್ಬರು ಹಂಚಿಕೊಂಡಿದ್ದಾರೆ. ಕ್ಯಾಲೆಂಡರ್ ಅಥವಾ ಗಡಿಯಾರದ ಮೇಲೆ ಬೆರಳಿಟ್ಟು "ಇಲ್ಲಿಂದ" ಅಂತ ತೋರಿಸಬಹುದಾದರೆ "ಸಿನ್ಸ್": ಸೋಮವಾರದಿಂದ, 2019ರಿಂದ, ಬೆಳಿಗ್ಗೆಯಿಂದ, ಮದುವೆಯಾದಾಗಿನಿಂದ. ಬೆರಳು ಮಡಚಿ ಎಣಿಸಬೇಕಾದರೆ "ಫಾರ್": ಎರಡು ದಿನ, ಮೂರು ವರ್ಷ, ಅರ್ಧ ಗಂಟೆ.

ಪದ ಸರಿಮಾಡಿದರೆ ಮುಗಿಯಲಿಲ್ಲ, ಕ್ರಿಯಾಪದವೂ ಬದಲಾಗಬೇಕು. "ಮೂರು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ" ಅನ್ನೋದು "ಐ ಯಾಮ್ ವರ್ಕಿಂಗ್" ಆಗುವುದಿಲ್ಲ, "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಥ್ರೀ ಇಯರ್ಸ್" ಆಗುತ್ತದೆ. ಇಲ್ಲಿ ಇಂಟರ್‌ವ್ಯೂಗೆ ಹೋಗುವವರು ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. "ಐ ವರ್ಕ್ಡ್ ದೇರ್ ಫಾರ್ ಥ್ರೀ ಇಯರ್ಸ್" ಅಂದರೆ ಆ ಕೆಲಸ ಬಿಟ್ಟಿದ್ದೀರಿ ಅಂತ ಲೆಕ್ಕ. ಇನ್ನೂ ಅಲ್ಲೇ ಇದ್ದು ಹೀಗೆ ಹೇಳಿದರೆ "ಯಾಕೆ ಬಿಟ್ಟಿರಿ?" ಅನ್ನೋ ಪ್ರಶ್ನೆ ಬರುತ್ತದೆ. ನನ್ನ ಹತ್ತಿರ ಬರುವ ಒಬ್ಬ ಹುಡುಗನಿಗೆ ಹಾಗೇ ಆಯಿತು. ಬಿಟ್ಟೇ ಇಲ್ಲ ಅಂತ ಅರ್ಥ ಮಾಡಿಸೋಕೆ ಅವನಿಗೆ ಐದು ನಿಮಿಷ ಹಿಡಿಯಿತು.

"ಬಿಫೋರ್ ಟೂ ಡೇಸ್" ಯಾಕೆ ತಪ್ಪು? "ಎರಡು ದಿನದ ಹಿಂದೆ" ತಾನೇ?

"ಟೂ ಡೇಸ್ ಅಗೋ" ಅನ್ನಿ. "ಅಗೋ" ಈ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತದೆ, ನಮ್ಮ "ಹಿಂದೆ" ಥರವೇ ಕೊನೆಯಲ್ಲಿ ಬರುತ್ತದೆ. ಹಾಗೆ ನೋಡಿದರೆ ಕನ್ನಡದವರಿಗೆ ಇದು ಸುಲಭ. "ಬಿಫೋರ್" ಬೇಕಾಗುವುದು "ಹಬ್ಬಕ್ಕೆ ಎರಡು ದಿನ ಮುಂಚೆ" ಅನ್ನುವಂಥ ಕಡೆ: "ಟೂ ಡೇಸ್ ಬಿಫೋರ್ ದ ಫೆಸ್ಟಿವಲ್". "ಟೂ ಡೇಸ್ ಬ್ಯಾಕ್" ಅನ್ನುವುದು ನಮ್ಮಲ್ಲಿ ಮಾತಿನಲ್ಲಿ ನಡೆಯುತ್ತದೆ, ಬರವಣಿಗೆಯಲ್ಲಿ "ಅಗೋ" ಇರಲಿ.

"ಇನ್", "ಆನ್", "ಆಟ್" ನೆನಪಿಡುವುದು ಹೇಗೆ?

ದೊಡ್ಡ ಡಬ್ಬಿಗೆ "ಇನ್", ದಿನಕ್ಕೆ "ಆನ್", ಗಡಿಯಾರದ ಹೊತ್ತಿಗೆ "ಆಟ್". "ಇನ್ 1973", "ಇನ್ ನವೆಂಬರ್", "ಆನ್ 1 ನವೆಂಬರ್ 1973", "ಆಟ್ ಟೆನ್ ಓ ಕ್ಲಾಕ್". ತಿಂಗಳ ಜೊತೆ ತಾರೀಖು ಸೇರಿದ ಕೂಡಲೇ ಅದು ದಿನವಾಯಿತು, "ಆನ್" ಬೇಕು.

ಕೀಟಲೆ ಕೊಡುವುದು ಇವು: "ಇನ್ ದ ಮಾರ್ನಿಂಗ್" ಆದರೆ "ಆಟ್ ನೈಟ್". ಬರೀ ಬೆಳಿಗ್ಗೆಗೆ "ಇನ್", ಸೋಮವಾರ ಬೆಳಿಗ್ಗೆಗೆ "ಆನ್ ಮಂಡೇ ಮಾರ್ನಿಂಗ್". ಇವಕ್ಕೆ ಕಾರಣ ಕೇಳಬೇಡಿ, ಸುಮ್ನೆ ಬಾಯಿಪಾಠ ಮಾಡಿ. "ಲಾಸ್ಟ್", "ನೆಕ್ಸ್ಟ್", "ದಿಸ್" ಬಂದರೆ ಮೂರೂ ಬೇಡ. "ಆನ್ ಲಾಸ್ಟ್ ಮಂಡೇ" ಅಲ್ಲ, "ಲಾಸ್ಟ್ ಮಂಡೇ". ಹೋದ ತಿಂಗಳು 5ನೇ ತಾರೀಖು ಅನ್ನೋದಕ್ಕೆ ಮಾತ್ರ "ಆನ್ ದ ಫಿಫ್ತ್ ಆಫ್ ಲಾಸ್ಟ್ ಮಂತ್" ಅನ್ನಬೇಕು.

"ಟುಡೇ ಮಾರ್ನಿಂಗ್", "ಎಸ್ಟರ್‌ಡೇ ನೈಟ್" ಅಂದರೆ ನಗುತ್ತಾರಾ?

ನಗುವುದಿಲ್ಲ, ಆದರೆ ಇವು "ಇವತ್ತು ಬೆಳಿಗ್ಗೆ", "ನಿನ್ನೆ ರಾತ್ರಿ"ಯ ನೇರ ಅನುವಾದ ಅಂತ ಗೊತ್ತಾಗುತ್ತದೆ. ಇಂಗ್ಲಿಷಿನ ರೂಢಿ "ದಿಸ್ ಮಾರ್ನಿಂಗ್", "ಲಾಸ್ಟ್ ನೈಟ್". ಆದರೆ ನಿನ್ನೆ ಬೆಳಿಗ್ಗೆ ಮಾತ್ರ "ಎಸ್ಟರ್‌ಡೇ ಮಾರ್ನಿಂಗ್".

"ಮೊನ್ನೆ" ಬಗ್ಗೆಯೂ ಹೇಳಬೇಕು. ಲೆಕ್ಕದ ಮೊನ್ನೆ "ದ ಡೇ ಬಿಫೋರ್ ಎಸ್ಟರ್‌ಡೇ". ಆದರೆ ನಾವು "ಮೊನ್ನೆ ಸಿಕ್ಕಿದ್ದ" ಅನ್ನುವಾಗ ನಾಲ್ಕು ದಿನವೂ ಆಗಿರಬಹುದು, ಹತ್ತು ದಿನವೂ ಆಗಿರಬಹುದು. ಆ ಮೊನ್ನೆಗೆ "ದಿ ಅದರ್ ಡೇ": "ಐ ಮೆಟ್ ಹಿಮ್ ದಿ ಅದರ್ ಡೇ." ಪೊಲೀಸ್ ಠಾಣೆಯಲ್ಲೋ ಕೋರ್ಟಿನಲ್ಲೋ ಹೇಳಿಕೆ ಕೊಡುವಾಗ ಮಾತ್ರ ಯಾವ ಮೊನ್ನೆ ಅಂತ ಯೋಚಿಸಿ ಹೇಳಿ.

3/4/2025 ಅಂದರೆ ಏಪ್ರಿಲ್ 3 ಅಲ್ವಾ?

ನಮಗೆ ಹೌದು. ಬ್ರಿಟನ್ನಿನವರಿಗೂ ಹೌದು. ಅಮೆರಿಕದವರಿಗೆ ಮಾರ್ಚ್ 4. ಅವರು ತಿಂಗಳು ಮೊದಲು ಬರೆಯುತ್ತಾರೆ. ನ್ಯೂಯಾರ್ಕಿನ ದಾಳಿಯನ್ನು 9/11 ಅನ್ನುತ್ತಾರೆ, ಅದು ಸೆಪ್ಟೆಂಬರ್ 11, 2001. ಮುಂಬೈ ದಾಳಿಯನ್ನು ನಾವು 26/11 ಅನ್ನುತ್ತೇವೆ, ಅದು 2008ರ ನವೆಂಬರ್ 26. ಬರೆಯುವ ರೀತಿ ಒಂದೇ, ಓದುವ ದಿಕ್ಕು ಉಲ್ಟಾ.

ತಾರೀಖು 12 ದಾಟಿದರೆ ಗೊಂದಲವಿಲ್ಲ, 26ನೇ ತಿಂಗಳು ಇಲ್ಲವಲ್ಲ. ಸಿಕ್ಕಿಹಾಕಿಕೊಳ್ಳುವುದು 12ರ ಒಳಗೆ. ಪಾಠ ಹೇಳೋಕೆ ಬರುವ ಮುಂಚೆ ನಾನೂ ಒಂದು ಆಫೀಸಿನಲ್ಲಿದ್ದೆ. ಅಮೆರಿಕದ ಕ್ಲೈಂಟ್ ಒಬ್ಬರು ಕಾಲ್ ಇದೆ ಅಂತ "05/06" ಬರೆದಿದ್ದರು. ಜೂನ್ 5 ತಾನೇ, ಇನ್ನೂ ತಿಂಗಳು ಇದೆ ಅಂತ ನಾನು ಬಂಧುಗಳ ಮದುವೆಗೆ ಹೋದೆ. ಮೇ 6ರ ಸಂಜೆ ರಿಸೆಪ್ಷನ್ ಊಟ, ಎಲೆಗೆ ಆಗ ತಾನೇ ಹೋಳಿಗೆ ಬಿದ್ದಿತ್ತು, ತುಪ್ಪ ಬರುವುದರೊಳಗೆ ಫೋನ್ ಬಂತು. ಅವತ್ತಿನಿಂದ ನಾನು ತಿಂಗಳನ್ನು ಅಂಕಿಯಲ್ಲಿ ಬರೆಯುವುದೇ ಇಲ್ಲ. "6 ಮೇ 2025" ಅಂತ ಅಕ್ಷರದಲ್ಲಿ ಬರೆದರೆ ಯಾವ ದೇಶದವರಿಗೂ ಅನುಮಾನ ಬರುವುದಿಲ್ಲ. ಫೈಲ್‌ಗಳಿಗೆ ಹೆಸರಿಡುವಾಗ 2025-05-06 ಒಳ್ಳೆಯದು. ವರ್ಷ, ತಿಂಗಳು, ದಿನ ಅನ್ನುವ ಈ ಕ್ರಮವೇ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8601ರಲ್ಲೂ ಇರುವುದು. ಕಂಪ್ಯೂಟರಿನಲ್ಲಿ ಫೈಲ್‌ಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ಆಫೀಸ್ ಪತ್ರದಲ್ಲಿ "ಆನ್ ಡೇಟೆಡ್ 15-8-2024" ಅಂತ ಬರೆಯುತ್ತಾರಲ್ಲ?

"ದಿನಾಂಕ 15-8-2024ರಂದು" ಅನ್ನುವುದನ್ನು ಪದಕ್ಕೆ ಪದ ಇಟ್ಟು ಮಾಡಿದ್ದು. ಘಟನೆ ನಡೆದ ದಿನಕ್ಕೆ "ಆನ್ 15 ಆಗಸ್ಟ್ 2024" ಸಾಕು. "ಡೇಟೆಡ್" ಬರುವುದು ಕಾಗದದ ಮೇಲಿನ ತಾರೀಖು ಹೇಳುವಾಗ: "ಯುವರ್ ಲೆಟರ್ ಡೇಟೆಡ್ 15 ಆಗಸ್ಟ್ 2024". ಪತ್ರಕ್ಕೆ ತಾರೀಖು ಹಾಕಿರುತ್ತಾರೆ, ಸಭೆಗೆ ಹಾಕಿರುವುದಿಲ್ಲ.

1ಎಸ್‌ಟಿ, 2ಎನ್‌ಡಿ, 3ಆರ್‌ಡಿ ಸರಿ. 11, 12, 13ಕ್ಕೆ ಏನು?

ಮೂರಕ್ಕೂ "ಟಿಎಚ್". ಇಲೆವೆಂತ್, ಟ್ವೆಲ್ಫ್ತ್, ಥರ್ಟೀಂತ್. 21, 22, 23ಕ್ಕೆ ಮತ್ತೆ ಫಸ್ಟ್, ಸೆಕೆಂಡ್, ಥರ್ಡ್ ಬಾಲ ಬರುತ್ತದೆ, 31ಕ್ಕೂ ಹಾಗೇ. ಬರೆಯುವಾಗ ಬಾಲ ಬಿಟ್ಟರೂ ನಡೆಯುತ್ತದೆ. ಓದುವಾಗ ಬಿಡಬಾರದು: "1 ನವೆಂಬರ್" ಅಂತ ಬರೆದದ್ದನ್ನು "ದ ಫಸ್ಟ್ ಆಫ್ ನವೆಂಬರ್" ಅಂತ ಓದಿ. ನಾವು "ನವೆಂಬರ್ ಒಂದು" ಅನ್ನುತ್ತೇವೆ, ಅದಕ್ಕೇ "ನವೆಂಬರ್ ಒನ್" ಅಂತ ಬಾಯಿಗೆ ಬಂದುಬಿಡುತ್ತದೆ.

ಇಸವಿ ಓದುವುದು ಹೇಗೆ?

ಎರಡೆರಡು ಅಂಕಿಯಾಗಿ ಒಡೆಯಿರಿ. 1956 "ನೈನ್ಟೀನ್ ಫಿಫ್ಟಿ ಸಿಕ್ಸ್", 1799 "ಸೆವೆಂಟೀನ್ ನೈಂಟಿ ನೈನ್". ನಡುವೆ ಸೊನ್ನೆ ಬಂದರೆ "ಓ": 1905 "ನೈನ್ಟೀನ್ ಓ ಫೈವ್". 1900 "ನೈನ್ಟೀನ್ ಹಂಡ್ರೆಡ್", 2000 "ಟೂ ಥೌಸಂಡ್", 2007 "ಟೂ ಥೌಸಂಡ್ ಅಂಡ್ ಸೆವೆನ್". 2010ರಿಂದ ಈಚೆಗೆ "ಟ್ವೆಂಟಿ ಟೆನ್", "ಟ್ವೆಂಟಿ ಟ್ವೆಂಟಿ ಫೈವ್" ರೂಢಿ.

ರಾತ್ರಿ 12:10ರ ರೈಲು 15ನೇ ತಾರೀಖು ಅಂತ ಟಿಕೆಟ್‌ನಲ್ಲಿದೆ. ಯಾವ ರಾತ್ರಿ ಹೋಗಬೇಕು?

14ರ ರಾತ್ರಿ ಊಟ ಮಾಡಿ ಹೊರಡಿ. ನಮ್ಮ ಸೋದರಮಾವ 15ರ ರಾತ್ರಿ ಚೀಲ, ಚಕ್ಕುಲಿ ಡಬ್ಬಿ ಎಲ್ಲ ಹಿಡಿದು ಸ್ಟೇಷನ್ನಿಗೆ ಹೋಗಿದ್ದರು. ರೈಲು ಹಿಂದಿನ ರಾತ್ರಿಯೇ ಹೋಗಿ ಆಗಿತ್ತು. ನಮ್ಮ ಲೆಕ್ಕದಲ್ಲಿ ಬೆಳಕು ಹರಿಯುವ ತನಕ ದಿನ ಬದಲಾಗುವುದಿಲ್ಲ, "14ರ ರಾತ್ರಿ" ಅನ್ನುತ್ತಲೇ ಇರುತ್ತೇವೆ. ಗಡಿಯಾರದ ಲೆಕ್ಕದಲ್ಲಿ 12 ಹೊಡೆದರೆ 15 ಶುರು. "12 ಎಎಂ" ಮಧ್ಯರಾತ್ರಿ, "12 ಪಿಎಂ" ಮಧ್ಯಾಹ್ನ. ಮಧ್ಯಾಹ್ನಕ್ಕೆ "ನೂನ್" ಅಂತಲೇ ಬರೆಯಿರಿ. ರಾತ್ರಿಗೆ ರೈಲ್ವೆಯವರ ಹಾಗೆ 00:10 ಅಂತ ಬರೆದರೆ ಇನ್ನೂ ಒಳ್ಳೆಯದು.

"ಚಿಕ್ಕವನಿದ್ದಾಗ ಕೆರೆಗೆ ಈಜೋಕೆ ಹೋಗುತ್ತಿದ್ದೆ." ಇದು "ಐ ವಾಸ್ ಗೋಯಿಂಗ್" ಆಗುತ್ತದಾ?

ಆಗುವುದಿಲ್ಲ. "ಐ ಯೂಸ್ಡ್ ಟು ಗೋ". ಕನ್ನಡದ "ಹೋಗುತ್ತಿದ್ದೆ"ಯಲ್ಲಿ ಎರಡು ಅರ್ಥ ಕೂತಿವೆ. ಒಂದು, ದಾರಿಯಲ್ಲಿ ಇದ್ದೆ: "ನಾನು ಹೋಗುತ್ತಿದ್ದೆ, ಆಗ ಮಳೆ ಬಂತು." ಇದಕ್ಕೆ "ವಾಸ್ ಗೋಯಿಂಗ್". ಇನ್ನೊಂದು, ಅಭ್ಯಾಸ ಇತ್ತು, ಈಗಿಲ್ಲ. ಅದಕ್ಕೆ "ಯೂಸ್ಡ್ ಟು". ಇದನ್ನು "ಐ ಯಾಮ್ ಯೂಸ್ಡ್ ಟು" ಜೊತೆ ಕಲಸಬೇಡಿ, ಅದು ಒಗ್ಗಿಹೋಗಿದೆ ಅನ್ನುವ ಮಾತು. "ಐ ಯಾಮ್ ಯೂಸ್ಡ್ ಟು ಕೋಲ್ಡ್ ವಾಟರ್" ಅಂದರೆ ತಣ್ಣೀರು ನನಗೆ ರೂಢಿ ಅಂತ.

ಹಾಗೇ, "ಎಂಟು ವರ್ಷದವನಿದ್ದಾಗ" ಅನ್ನೋದಕ್ಕೆ "ಇನ್ ಮೈ ಏಯ್ಟ್ ಇಯರ್ಸ್" ಅನ್ನಬೇಡಿ. "ವೆನ್ ಐ ವಾಸ್ ಏಯ್ಟ್" ಅಷ್ಟೇ. "ಇಯರ್ಸ್ ಓಲ್ಡ್" ಕೂಡ ಬೇಕಿಲ್ಲ.

"ಹುಟ್ಟಿದೆ", "ನಡೆಯಿತು" ಇವಕ್ಕೆ "ವಾಸ್" ಬೇಕಾ, ಬೇಡವಾ?

ಇಲ್ಲಿ ಎರಡೂ ಕಡೆ ತಪ್ಪುತ್ತಾರೆ. ಬೇಕಾದ ಕಡೆ ಬಿಡುತ್ತಾರೆ: "ಐ ಬಾರ್ನ್ ಇನ್ 1998". ಬೇಡದ ಕಡೆ ಹಾಕುತ್ತಾರೆ: "ವಾಟ್ ವಾಸ್ ಹ್ಯಾಪನ್ಡ್?" ಸರಿಯಾದದ್ದು "ಐ ವಾಸ್ ಬಾರ್ನ್" ಮತ್ತು "ವಾಟ್ ಹ್ಯಾಪನ್ಡ್?". "ಡೈಡ್"ಗೂ "ವಾಸ್" ಬೇಡ: "ಟಿಪ್ಪು ಸುಲ್ತಾನ್ ಡೈಡ್ ಆನ್ 4 ಮೇ 1799."

ಯಾರೋ ಮಾಡಿದ ಕೆಲಸವಾದರೆ, ಮಾಡಿದವರ ಹೆಸರು ಮುಖ್ಯವಲ್ಲದಿದ್ದರೆ, "ವಾಸ್" ಬರುತ್ತದೆ. ಮೈಸೂರು ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕ ಅಂತ ಹೆಸರಿಟ್ಟರು. ಇಟ್ಟವರು ಯಾರು ಅಂತ ನಾವು ಹೇಳುವುದಿಲ್ಲ, "ಇಟ್ಟರು" ಅಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಅದು "ಮೈಸೂರ್ ಸ್ಟೇಟ್ ವಾಸ್ ರೀನೇಮ್ಡ್ ಕರ್ನಾಟಕ ಆನ್ 1 ನವೆಂಬರ್ 1973." ಕಟ್ಟಿದರು, ಶುರು ಮಾಡಿದರು, ಮುಚ್ಚಿದರು: ಕನ್ನಡದಲ್ಲಿ ಹೀಗೆ ಊರಿಗೆಲ್ಲ ಸೇರಿದ "ರು" ಕಂಡರೆ "ವಾಸ್ ಬಿಲ್ಟ್", "ವಾಸ್ ಸ್ಟಾರ್ಟೆಡ್", "ವಾಸ್ ಕ್ಲೋಸ್ಡ್" ಅಂತ ತಿರುಗಿಸಿ.

ಶಾಸನದ ತಾರೀಖು ಶಕ ವರ್ಷದಲ್ಲಿದೆ. ಇಂಗ್ಲಿಷಿನಲ್ಲಿ ಬರೆಯುವಾಗ?

ಟೂರಿಸ್ಟ್ ಗೈಡ್ ಆಗಲು ತಯಾರಾಗುವವರು ಕೇಳಿದ ಪ್ರಶ್ನೆ. ಶಕ ವರ್ಷಕ್ಕೆ 78 ಸೇರಿಸಿ. ಐಹೊಳೆಯಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳುವ ಶಾಸನದ ಶಕ 556, ಕ್ರಿ.ಶ. 634 ಆಗುತ್ತದೆ. ವರ್ಷ ಯುಗಾದಿ ಹೊತ್ತಿಗೆ ಬದಲಾಗುವುದರಿಂದ, ಜನವರಿಯಿಂದ ಯುಗಾದಿವರೆಗಿನ ದಿನವಾದರೆ 79. ಇಂಗ್ಲಿಷಿನಲ್ಲಿ "ಎಡಿ" ಅಂಕಿಯ ಮುಂದೆ ಬರೆಯುವುದು ಹಳೆಯ ರೂಢಿ, "ಎಡಿ 634". "ಬಿಸಿ" (ಕ್ರಿ.ಪೂ.) ಮತ್ತು "ಸಿಇ" (ಇದೂ ಕ್ರಿ.ಶ.ವೇ) ಅಂಕಿಯ ನಂತರ. "ದ ಟ್ವೆಲ್ಫ್ತ್ ಸೆಂಚುರಿ" ಅಂದರೆ 1101ರಿಂದ 1200, ನಮ್ಮ ಹನ್ನೆರಡನೇ ಶತಮಾನವೇ. 1980ರ ದಶಕ "ದ ನೈನ್ಟೀನ್ ಏಯ್ಟೀಸ್", ಅಂಕಿಯಲ್ಲಿ ಬರೆದು "ಎಸ್" ಸೇರಿಸುವಾಗ ನಡುವೆ ಚುಕ್ಕೆ, ಕೊಂಬು (ಅಪಾಸ್ಟ್ರಫಿ) ಏನೂ ಬೇಡ.

ಕೊನೆಯ "ಇಡಿ" ಉಚ್ಚಾರ ಮಾಡುವುದು ಹೇಗೆ? ನಾನು "ವರ್ಕೆಡ್" ಅಂತೀನಿ.

"ವರ್ಕ್ಟ್". ಒಂದೇ ಉಸಿರಿಗೆ, ಕೊನೆಗೆ ಸಣ್ಣ "ಟ್". "ವಾಶ್ಟ್", "ಆಸ್ಕ್ಟ್" ಕೂಡ ಹಾಗೇ. "ಕಾಲ್ಡ್", "ಓಪನ್ಡ್"ಗೆ "ಡ್". ಪದ ಮೊದಲೇ "ಟ್" ಅಥವಾ "ಡ್"ನಲ್ಲಿ ಮುಗಿದಿದ್ದರೆ ಮಾತ್ರ "ಇಡ್" ಅಂತ ಪೂರ್ತಿ ಕೇಳಿಸಬೇಕು: "ವಾಂಟಿಡ್", "ನೀಡಿಡ್". ನಾನು ಮೇಲೆ "ವರ್ಕ್ಡ್", "ರೀಚ್ಡ್" ಅಂತ ಬರೆದದ್ದು ಅಕ್ಷರ ನೋಡಿ, ಬಾಯಲ್ಲಿ ಅವೂ "ಟ್"ನಲ್ಲೇ ಮುಗಿಯುತ್ತವೆ.

ನಮ್ಮ ಪದಗಳೆಲ್ಲ ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಬಸ್ಸು, ಕಾರು, ಬ್ಯಾಂಕು ಅಂತ ಇಂಗ್ಲಿಷ್ ಪದಕ್ಕೂ ಬಾಲ ಹಚ್ಚುತ್ತೇವೆ. ಹಾಗಾಗಿ ಕೊನೆಯ "ಟ್" ಒಂದೋ "ಟು" ಆಗುತ್ತದೆ, ಇಲ್ಲವೇ ನುಂಗಿಹೋಗುತ್ತದೆ. ನುಂಗಿದರೆ "ಐ ವರ್ಕ್ ದೇರ್" ಅಂತ ಕೇಳಿಸುತ್ತದೆ, ಬಿಟ್ಟ ಕೆಲಸ ಇನ್ನೂ ಮಾಡುತ್ತಿದ್ದೀರಿ ಅಂತಾಗುತ್ತದೆ. ಬಾಯಿಯ ಮುಂದೆ ಅಂಗೈ ಹಿಡಿದು "ವರ್ಕ್ಟ್" ಅನ್ನಿ. ಕೊನೆಗೆ ಅಂಗೈಗೆ ಚಿಟಿಕೆ ಗಾಳಿ ತಾಗಿದರೆ "ಟ್" ಬಂತು ಅಂತ ಲೆಕ್ಕ.